ತೂಕಕ್ಕೆ ತಕ್ಕ ಎದುರಾಳಿ

ಬಂಗಾರಪೇಟೆಯ ಜಂಕ್ಷನ್ನಿನಿಂದ ಕವಲೊಡೆದ ರೈಲುಹಾದಿಯೊಂದು ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಇದೇ ಕೋಲಾರದ ಚಿನ್ನದ ಗಣಿಗಳ ಸೀಮೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯು ಇಲ್ಲಿ ಗಣಿಕೆಲಸವನ್ನು ಕೈಗೊಂಡ ಮೇಲೆ ಆಂಗ್ಲ ಅಧಿಕಾರಿಗಳೊಡನೆ ಅವರ ಆಟಗಳೂ ಬಂದವು. ಅವುಗಳಲ್ಲೊಂದಾದ ಮುಷ್ಟಿಯುದ್ಧವು ಕಾಲಕ್ರಮದಲ್ಲಿ ಬಂಗಲೆಗಳ ಆವರಣವನ್ನು ದಾಟಿ ಕಾರ್ಮಿಕರ ವಸತಿಸಾಲುಗಳಲ್ಲಿಯೂ ಬೇರೂರಿತು. 2001ರಲ್ಲಿ ಗಣಿಗಳು ಮುಚ್ಚಿದರೂ ಬಾಕ್ಸಿಂಗಿನ ಊರೆಂಬ ಹೆಸರು ಅಳಿಯಲಿಲ್ಲ.

ಕೃಶಕಾಯನಾದ ಗಣಿಕಾರ್ಮಿಕನ ಮಗನು ಧಡೂತಿ ಆಳಿನ ಎದುರು ನಿಂತರೆ ಗತಿಯೇನು? ಒಂದೇ ವೇಗದಿಂದ ಬಂದ ಎರಡು ಹೊಡೆತಗಳಲ್ಲಿ ಭಾರವಾದ ದೇಹದ ಬೆಂಬಲವುಳ್ಳ ಹೊಡೆತವೇ ಬಲವಾದದ್ದು. ಅಲ್ಲಿ ಚಾತುರ್ಯವಾಗಲಿ ಅಭ್ಯಾಸವಾಗಲಿ ಹೆಚ್ಚು ಹೊತ್ತು ನಿಲ್ಲದು. ನಮ್ಮ ಗರಡಿಮನೆಗಳ ಉಸ್ತಾದರು ಕಣ್ಣಳತೆಯಿಂದಲೇ ಕುಸ್ತಿಯ ಜೋಡಿ ಕಟ್ಟುತ್ತಿದ್ದರು. ಹವ್ಯಾಸಿ ಮುಷ್ಟಿಯುದ್ಧವು ಆ ಕೆಲಸವನ್ನು ತೂಕದ ಯಂತ್ರಕ್ಕೆ ಒಪ್ಪಿಸಿತು. ಯಂತ್ರಕ್ಕೆ ಸಾಹೇಬನೂ ಒಂದೇ, ಕೂಲಿಯವನೂ ಒಂದೇ!

1904ರ ಒಲಿಂಪಿಕ್ಸಿನಲ್ಲಿ ಏಳು ತೂಕದ ವರ್ಗಗಳಿದ್ದವು. 1952ರ ಹೆಲ್ಸಿಂಕಿ ಕೂಟದ ವೇಳೆಗೆ ಅವು ಹತ್ತಾದವು. ಆಗ 51 ಕಿಲೋಗ್ರಾಂ ಮೀರದವರು ಫ್ಲೈವೇಟ್, 54 ಮೀರದವರು ಬ್ಯಾಂಟಂವೇಟ್, 57 ಮೀರದವರು ಫೆದರ್‌ವೇಟ್. ಹೀಗೆಯೇ ಮೇಲೇರಿ, 81 ದಾಟಿದವರೆಲ್ಲ ಹೆವಿವೇಟ್. ಫ್ಲೈ ಎಂದರೆ ನೊಣ, ಬ್ಯಾಂಟಂ ಎಂದರೆ ಗಿಡ್ಡ ಜಾತಿಯ ಕೋಳಿ, ಫೆದರ್ ಎಂದರೆ ಗರಿ. ಹೆಸರು ಕೇಳಿ ನಗು ಬಂದೀತು; ಆದರೆ ಈ ನೊಣದ ಪೆಟ್ಟು ತಿಂದವರು ನಗಲಾರರು. ಈ ಮಿತಿಗಳು ಶಾಶ್ವತವಲ್ಲ, ಕಾಲಕಾಲಕ್ಕೆ ಬದಲಾಗಿವೆ.

ಪಂದ್ಯದ ದಿನ ಬೆಳಿಗ್ಗೆ ಸ್ಪರ್ಧಿಯನ್ನು ತೂಗುತ್ತಾರೆ. ಮಿತಿ ಮೀರಿದರೆ ಕಣಕ್ಕಿಳಿಯುವಂತಿಲ್ಲ. ಇದರಿಂದ ಹೊಸದೊಂದು ಕೇಡೂ ಹುಟ್ಟಿತು. ಕೆಳಗಿನ ವರ್ಗದಲ್ಲಿ ಗೆಲುವು ಸುಲಭವೆಂದು ಬಗೆದು ಕೆಲವರು ಅನ್ನನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸುತ್ತಾರೆ. ನೀರು ಬತ್ತಿದ ದೇಹದಲ್ಲಿ ಹೃದಯಕ್ಕೆ ಶ್ರಮ ಹೆಚ್ಚುತ್ತದೆ, ಸ್ನಾಯುಗಳು ಬೇಗ ಸೋಲುತ್ತವೆ. ಬೆಳೆಯುವ ವಯಸ್ಸಿನ ಹುಡುಗರಿಗಂತೂ ಇದು ಸಲ್ಲದು. ಬಲ್ಲ ಗುರುವು ಅಂಥವರನ್ನು ಮೇಲಿನ ವರ್ಗಕ್ಕೆ ಸೇರಿಸುತ್ತಾನೆ. ತಕ್ಕಡಿಗೆ ಕರುಣೆಯಿಲ್ಲ. ಇದೇ ಪದ್ಧತಿಯುಳ್ಳ ಕುಸ್ತಿಯಲ್ಲಿ, 2024ರ ಪ್ಯಾರಿಸ್ ಒಲಿಂಪಿಕ್ಸಿನ ಅಂತಿಮ ಪಂದ್ಯದ ಬೆಳಿಗ್ಗೆ, 50 ಕಿಲೋಗ್ರಾಂ ವರ್ಗದ ವಿನೇಶ್ ಫೋಗಟ್ ಕೇವಲ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು.

ಮಣಿಪುರದ ಮೇರಿ ಕೋಮ್ ಅವರ ಕಷ್ಟ ಇದಕ್ಕೆ ತದ್ವಿರುದ್ಧ. 46 ಮತ್ತು 48 ಕಿಲೋಗ್ರಾಂ ವರ್ಗಗಳಲ್ಲಿ ವಿಶ್ವವಿಜೇತೆಯಾಗಿದ್ದ ಅವರಿಗೆ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ತಕ್ಕ ವರ್ಗವೇ ಇರಲಿಲ್ಲ. ಮಹಿಳೆಯರಿಗೆಂದು ಇದ್ದ ಮೂರು ವರ್ಗಗಳಲ್ಲಿ ಅತಿ ಕಿರಿದು 51. ಅವರು ತಮಗಿಂತ ಎತ್ತರದ, ಭಾರದ ಎದುರಾಳಿಗಳೊಡನೆ ಸೆಣಸಿ ಕಂಚಿನ ಪದಕದೊಡನೆ ಮರಳಿದರು.