ಡ್ರಾ ಬೇಡ ಅಂದ ಕ್ಯಾಪ್ಟನ್

ನಿಮ್ಮ ತಂಡ ಒಂದೂವರೆ ವರ್ಷದಿಂದ ಸೋತೇ ಇಲ್ಲ. ಎದುರಾಳಿಗಳೇ ಡ್ರಾ ಸಾಕು ಅಂತಿದ್ದಾರೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?

1870ರ ಜೂನ್ 14, ಅಮೆರಿಕದ ಬ್ರೂಕ್ಲಿನ್. ಬೇಸ್‌ಬಾಲ್ ಪಂದ್ಯ. ಒಂದು ಕಡೆ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್, ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ. ಅದಕ್ಕೂ ಮುಂಚೆ ಬೇರೆ ತಂಡಗಳು ಕೊಡ್ತಿರಲಿಲ್ಲ ಅಂತಲ್ಲ, ಕದ್ದುಮುಚ್ಚಿ ಕೊಡ್ತಿದ್ವು! ಇವರ ಕ್ಯಾಪ್ಟನ್ ಹ್ಯಾರಿ ರೈಟ್, ಇಂಗ್ಲೆಂಡ್‌ನಲ್ಲಿ ಹುಟ್ಟಿದ ಕ್ರಿಕೆಟಿಗನ ಮಗ. ಎದುರಿಗೆ ಸ್ಥಳೀಯ ಅಟ್ಲಾಂಟಿಕ್ಸ್.

ಬೇಸ್‌ಬಾಲ್‌ನಲ್ಲಿ ಮೂರು ಜನ ಔಟಾದ್ರೆ ಇನಿಂಗ್ಸ್ ಮುಗೀತು. ಎರಡೂ ತಂಡಕ್ಕೆ ಇಂಥ ಒಂಬತ್ತೊಂಬತ್ತು ಇನಿಂಗ್ಸ್. ಅವತ್ತು ಒಂಬತ್ತೂ ಮುಗಿದಾಗ ಸ್ಕೋರ್ 5-5. ಅಟ್ಲಾಂಟಿಕ್ಸ್ ಆಟಗಾರರು ಖುಷಿಯಾಗಿ ಹೊರಟೇಬಿಟ್ಟಿದ್ರು. ಆದ್ರೆ ಇಬ್ಬರೂ ಕ್ಯಾಪ್ಟನ್‌ಗಳು ಒಪ್ಪಿದ್ರೆ ಮಾತ್ರ ಡ್ರಾ ಅನ್ನೋದು ನಿಯಮ. ರೈಟ್ ಒಪ್ಪಲಿಲ್ಲ!

ಹತ್ತನೇ ಇನಿಂಗ್ಸ್‌ನಲ್ಲಿ ಯಾರಿಗೂ ರನ್ ಇಲ್ಲ. ಹನ್ನೊಂದರಲ್ಲಿ ಸಿನ್ಸಿನಾಟಿಗೆ ಎರಡು, 7-5. ಮುಗೀತು ಅನ್ಕೊಂಡ್ರಾ? ಅಟ್ಲಾಂಟಿಕ್ಸ್ ಒಂದು ರನ್ ತೆಗೆದ ಮೇಲೆ ಬಂದ ಬಾಬ್ ಫರ್ಗ್ಯುಸನ್, ಬಲಗೈ ಬ್ಯಾಟರ್, ಎಡಗೈ ಬ್ಯಾಟರ್ ಥರ ತಿರುಗಿ ನಿಂತ. ಯಾಕಂದ್ರೆ ಅವನು ಮಾಮೂಲಾಗಿ ಹೊಡೆಯೋ ದಿಕ್ಕಿನಲ್ಲಿ ಹ್ಯಾರಿಯ ತಮ್ಮ, ಅದ್ಭುತ ಫೀಲ್ಡರ್ ಜಾರ್ಜ್ ರೈಟ್ ನಿಂತಿದ್ದ. ಎಂಥ ತಲೆ ನೋಡಿ! ಚೆಂಡು ಇನ್ನೊಂದು ಬದಿಗೆ ಹೋಯ್ತು, 7-7. ಆಮೇಲೆ ಫೀಲ್ಡಿಂಗ್ ತಪ್ಪಾಯ್ತು (ಗ್ಲೌಸ್ ಇಲ್ಲದ ಕಾಲ, ಬರಿಗೈ ಆಟ), ಅದೇ ಫರ್ಗ್ಯುಸನ್ ಗೆಲುವಿನ ರನ್ ಓಡಿದ. 8-7.

ನನ್ನ ಕೇಳಿದ್ರೆ ರೈಟ್ ಮಾಡಿದ್ದೇ ಸರಿ, ಸಂಬಳ ತಗೊಂಡು ಆಡೋರು ಫಲಿತಾಂಶ ಕೊಡಬೇಕು. ಸಿನ್ಸಿನಾಟಿಗೆ ಅದು ದುಬಾರಿಯಾಯ್ತು. ಜನರ ಉತ್ಸಾಹ ಇಳೀತು, ಸೀಸನ್ ಮುಗಿದ ಮೇಲೆ ಕ್ಲಬ್ ಸಂಬಳ ಕೊಡೋದನ್ನೇ ನಿಲ್ಲಿಸ್ತು. ರೈಟ್ ಬಾಸ್ಟನ್‌ಗೆ ಹೋದ, ರೆಡ್ ಸ್ಟಾಕಿಂಗ್ಸ್ ಅನ್ನೋ ಹೆಸರನ್ನೂ ಜೊತೆಗೇ ತಗೊಂಡು ಹೋದ.