ಲೇಸರ್ ಆದಮೇಲಿನ ಮೊದಲ ವಾರ

ಉಬ್ಬಿದ ಕಲೆಗೆ ಲೇಸರ್ ಮಾಡಿಸಿಕೊಂಡವರು ಡಾಕ್ಟರ ಕೋಣೆಯಿಂದ ಸೀದಾ ನನ್ನ ಟೇಬಲಿಗೆ ಬರುತ್ತಾರೆ. ಬಳ್ಳಾರಿಯ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ಡ್ರೆಸ್ಸಿಂಗ್ ನನ್ನ ಕೆಲಸ. ಲೇಸರ್ ಬೇಗ ಮುಗಿದುಹೋಗುತ್ತದೆ. ಆಮೇಲಿನ ಒಂದು ವಾರ ಆ ಚರ್ಮ ಮನೆಯವರ ಕೈಯಲ್ಲಿ. ಅದಕ್ಕೇ ಪಟ್ಟಿ ಕಟ್ಟುತ್ತಲೇ ನಾನು ಮಾತಾಡುತ್ತಿರುತ್ತೇನೆ.

ಇತ್ತೀಚೆಗೆ ಸಂಡೂರು ಕಡೆಯ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಚಿಕ್ಕಂದಿನಲ್ಲಿ ಕುದಿಯುವ ಸಾರು ಚೆಲ್ಲಿ ಮುಂಗೈ ಮೇಲೆ ಎದ್ದ ಕಲೆ. ಸುಟ್ಟಷ್ಟೇ ಅಗಲಕ್ಕೆ ಗಟ್ಟಿಯಾಗಿ ನಿಂತಿತ್ತು. ಇದು ಹೈಪರ್‌ಟ್ರೋಫಿಕ್ ಕಲೆ. ಕಿವಿ ಚುಚ್ಚಿಸಿದ ಸಣ್ಣ ತೂತಿನಿಂದ ಶುರುವಾಗಿ ಗಾಯದ ಗಡಿ ದಾಟಿ ಹಬ್ಬುವುದು ಕೀಲಾಯ್ಡ್; ಅದಕ್ಕೆ ಲೇಸರ್ ಒಂದೇ ಸಾಲದು, ಸ್ಟೀರಾಯ್ಡ್ ಚುಚ್ಚುಮದ್ದು ಕೂಡ ಬೇಕಾಗುತ್ತದೆ.

ಅವಳಿಗೆ ಮಾಡಿದ್ದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಈ ಕಿರಣದ ತರಂಗಾಂತರ 10,600 ನ್ಯಾನೊಮೀಟರ್. ನೀರು ಅದನ್ನು ಬಲವಾಗಿ ಹೀರಿಕೊಳ್ಳುತ್ತದೆ. ಚರ್ಮದಲ್ಲಿರುವುದು ಬಹುಪಾಲು ನೀರೇ ತಾನೆ. ಕಿರಣ ಬಿದ್ದಲ್ಲೆಲ್ಲ ಅದು ಆವಿಯಾಗಿ ಅತಿ ಸಣ್ಣ ರಂಧ್ರಗಳ ಸಾಲು ಬೀಳುತ್ತದೆ. ರಂಧ್ರಗಳ ನಡುವೆ ಕಿರಣ ತಾಗದ ಚರ್ಮ ಉಳಿದಿರುತ್ತದೆ, ಮಾಯುವ ಕೆಲಸ ಅಲ್ಲಿಂದ ಶುರು. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಕೆಂಪು ಕಲೆಗೆ ಬಳಸುವ ಪಲ್ಸ್ಡ್ ಡೈ ಲೇಸರಿನ ಕ್ರಮವೇ ಬೇರೆ. ಅದು ರಕ್ತನಾಳಗಳನ್ನು ಹುಡುಕಿ ಹೋಗುತ್ತದೆ. ನೇರಳೆ ಗುರುತು ಬೀಳುತ್ತದೆ, ಚರ್ಮ ಸಾಮಾನ್ಯವಾಗಿ ತೆರೆದುಕೊಳ್ಳುವುದಿಲ್ಲ, ಪಟ್ಟಿಯೂ ಬೇಕಿಲ್ಲ.

ಹುಡುಗಿಯ ಮುಂಗೈ ಮೇಲೆ ತಣ್ಣಗಿನ ಸಲೈನಿನಲ್ಲಿ ಅದ್ದಿದ ಗಾಜ್ ಇಟ್ಟೆ. ಉರಿ ಇಳಿಯಿತು, ಸೂಜಿಮೊನೆಯಷ್ಟು ಜಿನುಗುತ್ತಿದ್ದ ರಕ್ತ ನಿಂತಿತು. ಅದರ ಮೇಲೆ ಬಿಳಿ ವ್ಯಾಸಲೀನ್ ದಪ್ಪಗೆ ಹಚ್ಚಿ, ಪ್ಯಾರಾಫಿನ್ ಸವರಿದ ಜಾಲರಿ ಬಟ್ಟೆ ಹಾಸಿದೆ. ತಾಯಿ ಸುಮ್ಮನಿರಲಾಗದೆ ಕೇಳಿದರು: "ಗಾಯಕ್ಕ ಗಾಳಿ ಆಡ್ಬೇಕಲ್ರೀ ಸಿಸ್ಟರ್, ಹಿಂಗ ಜಿಡ್ಡು ಮೆತ್ತಿ ಮುಚ್ಚಿಟ್ರ ಒಣಗೋದು ಹೆಂಗ?"

"ಒಣಗಬಾರದು ಅಂತಲೇ ಮುಚ್ಚಾಕತ್ತೀನಮ್ಮ" ಅಂದೆ.

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಮನೆಗಳಲ್ಲೆಲ್ಲ ಗಾಯ ಒಣಗಿ ಹಕ್ಕಳೆ ಕಟ್ಟಿದರೆ ವಾಸಿಯಾಯಿತೆಂದೇ ಲೆಕ್ಕ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಗಾಯಗಳನ್ನು ಎರಡು ರೀತಿ ಬಿಟ್ಟು ನೋಡಿದ: ಕೆಲವನ್ನು ಗಾಳಿಗೆ, ಕೆಲವನ್ನು ಪಾಲಿಥೀನ್ ಹಾಳೆಯಡಿ. ಮುಚ್ಚಿಟ್ಟವುಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರ ಕೆಳಗೆ ದಾರಿ ಕೊರೆದುಕೊಂಡು ಸಾಗಬೇಕು. ತೇವವಿದ್ದರೆ ಮೇಲ್ಮೈಯಲ್ಲೇ ಸರಾಗವಾಗಿ ಹರಡುತ್ತವೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ತೆರೆದಿಟ್ಟ ಗಾಯ ಎಷ್ಟು ಬೇಗ ಬಿರುಸಾಗುತ್ತದೆಂದು ದಿನಾ ನೋಡುವವಳು ನಾನು. ಉಬ್ಬುವ ಸ್ವಭಾವದ ಚರ್ಮದಲ್ಲಿ ಗಾಯ ಮಾಯುವುದು ತಡವಾದಷ್ಟೂ ಕಲೆ ಮತ್ತೆ ಏಳುವ ಭಯ ಹೆಚ್ಚು.

ಮೊದಲ ರಾತ್ರಿ ಗಾಜ್ ಮೇಲೆ ಹಳದಿ ನೀರು ಕಂಡು ಕೀವೆಂದು ಗಾಬರಿಬೀಳುವವರಿದ್ದಾರೆ. ಅದು ಚರ್ಮದ ಒಸರು, ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಮರುದಿನ ಪಟ್ಟಿ ಬಿಚ್ಚುವಾಗ ಅಂಟಿಕೊಂಡಿದ್ದರೆ ಕಿತ್ತೆಳೆಯಬೇಡಿ. ಕುದಿಸಿ ಆರಿಸಿದ ನೀರು ಸುರಿದು ಕಾಯಿರಿ, ತಾನೇ ಬಿಡುತ್ತದೆ. ಎಳೆದರೆ ರಾತ್ರಿ ಬೆಳೆದ ಹೊಸ ಪದರವೂ ಬಂದುಬಿಡುತ್ತದೆ. ಕೈ ತೊಳೆದುಕೊಂಡು, ಖಾರವಿಲ್ಲದ ಸೋಪಿನಿಂದ ಗಾಯ ತೊಳೆದು, ಶುಚಿಯಾದ ಬಟ್ಟೆಯಿಂದ ಒತ್ತಿ ನೀರು ತೆಗೆದು ಮತ್ತೆ ವ್ಯಾಸಲೀನ್ ಹಚ್ಚಿ. ಮೇಲಿನ ಹೊಳಪು ಆರಿದಾಗಲೆಲ್ಲ ಮತ್ತೆ ಹಚ್ಚಿ. ಟೇಪು ಮಾತ್ರ ಸುತ್ತಲಿನ ಒಳ್ಳೆಯ ಚರ್ಮದ ಮೇಲಿರಲಿ. ಮುಖದ ಮೇಲಾದರೆ ಒಂದು ವಾರದೊಳಗೆ ಮುಚ್ಚಿಕೊಳ್ಳುತ್ತದೆ, ಕೈಕಾಲು ಎದೆಗೆ ಇನ್ನೂ ಕೆಲವು ದಿನ ಬೇಕು. ನಡುವೆ ಕಾಣುವ ಕಂದು ಚುಕ್ಕೆಗಳನ್ನು ಉಗುರಿನಿಂದ ಕೆರೆಯಬಾರದು.

ಅರಿಶಿನ, ಕಾಫಿಪುಡಿ, ತೆಂಗಿನೆಣ್ಣೆ, ಮೆಡಿಕಲ್ ಶಾಪಿನವರು ಕೊಟ್ಟ ಯಾವುದೋ ಆಂಟಿಬಯೋಟಿಕ್ ಟ್ಯೂಬು, ಇವನ್ನೆಲ್ಲ ದಯವಿಟ್ಟು ದೂರವಿಡಿ. 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 900ಕ್ಕೂ ಹೆಚ್ಚು ರೋಗಿಗಳಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯ ಗಾಯಗಳಿಗೆ ಬ್ಯಾಸಿಟ್ರಾಸಿನ್ ಮುಲಾಮನ್ನೂ ಬರಿಯ ವ್ಯಾಸಲೀನನ್ನೂ ಹೋಲಿಸಿತು. ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲರ್ಜಿ ಕಂಡದ್ದು ಮುಲಾಮು ಹಚ್ಚಿದವರಲ್ಲಿ ಮಾತ್ರ. ಬದನೆ, ಮೊಟ್ಟೆ ನಂಜು ಎಂದು ಮಕ್ಕಳ ತಟ್ಟೆಯಿಂದ ತೆಗೆಯುವುದೂ ನನಗೆ ಸಂಕಟ. ಮಾಯುವ ಚರ್ಮಕ್ಕೆ ಬೇಳೆ, ಮೊಟ್ಟೆಯ ಪ್ರೋಟೀನ್ ಬೇಕೇಬೇಕು.

ಎರಡು ದಿನ ಕಳೆದ ಮೇಲೂ ನೋವು ಏರುತ್ತಿದ್ದರೆ, ಕೆಟ್ಟ ವಾಸನೆ ಬಂದರೆ, ಜ್ವರ ಕಾಣಿಸಿದರೆ, ನೀರುಗುಳ್ಳೆಗಳ ಗುಂಪು ಎದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಬನ್ನಿ.

ಮೇಲ್ಪದರ ಪೂರ್ತಿ ಕೂಡಿದ ಮೇಲೆ ಸಿಲಿಕೋನ್ ಹಾಳೆಯ ಸರದಿ. ಹಸಿ ಗಾಯದ ಮೇಲೆ ಅದನ್ನು ಹಾಕಬಾರದು. ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು ಮೂರು ತಿಂಗಳಾದರೂ ಇರಬೇಕು. ಹೊರಗೆ ಹೋಗುವಾಗ ತುಂಬುತೋಳು. ನಮ್ಮ ಬಣ್ಣದ ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ. ಹಾಳೆಯನ್ನು ದಿನಾ ಸೋಪುನೀರಿನಲ್ಲಿ ತೊಳೆದು ಆರಿಸಿ ಮತ್ತೆ ಬಳಸಬಹುದು. ಸೆಕೆಗೆ ಅದರಡಿ ಬೆವರುಸಾಲೆ ಎದ್ದರೆ ತೆಗೆದಿಟ್ಟು, ಚರ್ಮ ತಿಳಿಯಾದ ಮೇಲೆ ದಿನಕ್ಕೆ ಒಂದೆರಡು ಗಂಟೆಯಿಂದ ಮತ್ತೆ ಶುರುಮಾಡಿ.