ಹಿಂದಕ್ಕೆ ತುಳಿದು ಮುಂದಕ್ಕೆ ಹೋದವರು

ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ಒಂದೇ ಗಿಯರು. ಏರು ಬಂದರೆ ಇಳಿದು ತಳ್ಳಿದರಾಯಿತು. ಪಂದ್ಯದ ಸವಾರನಿಗೆ ಅಷ್ಟು ಸಾವಕಾಶವೆಲ್ಲಿ? ಆದರೂ ಒಂದು ಕಾಲದಲ್ಲಿ ಯುರೋಪಿನ ಪಂದ್ಯಾಳುಗಳು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಕಳಚಿ, ಮಗ್ಗುಲು ತಿರುಗಿಸಿ ಜೋಡಿಸುತ್ತಿದ್ದರು. ಅದರ ಎರಡು ಮಗ್ಗುಲಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರಗಳಿರುತ್ತಿದ್ದವು.

ಇಟಲಿಯ ವಿಚೆಂಜಾ ನಗರದ ತುಲ್ಲಿಯೊ ಕಂಪಾನ್ಯೋಲೊ ಅವರು ಸ್ವತಃ ಪಂದ್ಯಾಳು. ಹಿಡಿಕೆಯೊಂದನ್ನು ತಿರುಗಿಸಿದೊಡನೆ ಚಕ್ರವು ಸಡಿಲವಾಗುವ ಏರ್ಪಾಡನ್ನು ಅವರು 1930ರ ಸುಮಾರಿಗೆ ರೂಪಿಸಿದರು. 1940ರ ದಶಕದಲ್ಲಿ ಹೆಸರಾದ ‘ಕಾಂಬಿಯೊ ಕೋರ್ಸಾ’ ಗಿಯರಿಗೆ ಅದೇ ತಳಹದಿ.

ಇದರ ರೀತಿಯೇ ವಿಚಿತ್ರ. ಸವಾರನು ಸೈಕಲ್ಲು ಓಡುತ್ತಿರುವಾಗಲೇ ಬಲಗೈಯನ್ನು ಹಿಂದಕ್ಕೆ ಚಾಚಿ, ಹಿಂಚಕ್ರದ ಪಕ್ಕದ ಎರಡು ಹಿಡಿಕೆಗಳ ಪೈಕಿ ಒಂದರಿಂದ ಚಕ್ರವನ್ನು ಸಡಿಲಿಸಬೇಕು; ಇನ್ನೊಂದರಿಂದ ಚೈನನ್ನು ನೆರೆಯ ಹಲ್ಲುಚಕ್ರಕ್ಕೆ ದೂಡಬೇಕು. ದೂಡುವ ಕವಲು ಚೈನಿನ ಮೇಲ್ಭಾಗದಲ್ಲಿದ್ದುದರಿಂದ ಆಗ ಪೆಡಲನ್ನು ಹಿಂದಕ್ಕೇ ತುಳಿಯಬೇಕು! ಚೈನಿನ ಬಿಗಿಗೆ ತಕ್ಕಂತೆ ಚಕ್ರವು ಹಿಂದುಮುಂದು ಸರಿಯುತ್ತಿತ್ತು. ಅಚ್ಚಿನ ಹಲ್ಲುಗಳು ಚೌಕಟ್ಟಿನ ಹಲ್ಲುಗಳೊಳಗೆ ಕುಳಿತು ಅದು ಓರೆಯಾಗದಂತೆ ಕಾಯುತ್ತಿದ್ದವು. ಕಡೆಗೆ ಮೊದಲ ಹಿಡಿಕೆಯನ್ನು ಮತ್ತೆ ಬಿಗಿಯಬೇಕು. ಮರೆತರೆ ಆ ಸವಾರನನ್ನು ದೇವರೇ ಕಾಪಾಡಬೇಕು.

ಈ ಸಲಕರಣೆಯನ್ನೇ ನಂಬಿ ಜೀನೊ ಬಾರ್ತಾಲಿ 1948ರ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದರು. ಒಂದೇ ಹಿಡಿಕೆಯ ಸುಧಾರಿತ ಮಾದರಿಯಿಂದ ಫೌಸ್ತೊ ಕೊಪ್ಪಿ 1950ರಲ್ಲಿ ಪ್ಯಾರಿಸ್–ರೂಬೇ ಪಂದ್ಯವನ್ನು ಗೆದ್ದರು. 1951ರ ಸುಮಾರಿಗೆ, ತಂತಿಯ ಎಳೆತದಿಂದ ನಡೆಯುವ ‘ಗ್ರಾನ್ ಸ್ಪೋರ್ಟ್’ ಬಂದಮೇಲೆ ಓಡುವ ಚಕ್ರವನ್ನು ಸಡಿಲಿಸುವ ಸಾಹಸವು ನಿಂತಿತು.

ಇಂದು ಬೆರಳೊತ್ತಿದರೆ ಗಿಯರು ಬದಲಾಗುತ್ತದೆ. ಆದರೆ ಚಕ್ರ ಕಳಚುವ ಆ ಪುಟ್ಟ ಹಿಡಿಕೆ ಇಂದಿಗೂ ಎಷ್ಟೋ ಸೈಕಲ್ಲುಗಳಲ್ಲಿ ಉಳಿದಿದೆ. ಒಳ್ಳೆಯ ಉಪಾಯಕ್ಕೆ ಅಳಿವಿಲ್ಲ.